ಸಂಜೆ ಇತಿಹಾಸ ಉಪನ್ಯಾಸಕ್ಕೆ ಅದೇ ಹತ್ತು ಮುಖ, ಈ ವರ್ಷ ಏನು ಮಾಡೋಣ?

ಕೆರೆಕೋಡಿ:

ನಮಸ್ಕಾರ ಎಲ್ಲರಿಗೂ. ಕೋಲಾರದಲ್ಲಿ ನಮ್ಮದೊಂದು ಚಿಕ್ಕ ಇತಿಹಾಸ ಬಳಗ ಇದೆ. ರಿಟೈರ್ಡ್ ಮೇಷ್ಟ್ರುಗಳು, ಇಬ್ಬರು ವಕೀಲರು, ಮೆಡಿಕಲ್ ಸ್ಟೋರ್ ಇಟ್ಟವರೊಬ್ಬರು, ರೇಷ್ಮೆ ವ್ಯಾಪಾರದವರೊಬ್ಬರು. ಪ್ರತಿ ವರ್ಷ ಸಂಜೆ ಉಪನ್ಯಾಸ ಮಾಲೆ ಅಂತ ಮಾಡುತ್ತೇವೆ, ವಾರಕ್ಕೊಂದರಂತೆ ಐದಾರು. ಹೆಸರು ದೊಡ್ಡದು, ಬರುವವರು ಕಡಿಮೆ. ಕಳೆದ ವರ್ಷ ಒಂದು ದಿನವಂತೂ ಮುಂದಿನ ಸಾಲಿನಲ್ಲಿ ನಾವೇ, ಹಿಂದಿನ ಸಾಲಿನಲ್ಲಿ ಭಾಷಣಕಾರರನ್ನು ಕರೆತಂದ ಕಾರಿನ ಡ್ರೈವರ್, ನಡುವೆ ಬರೀ ಪ್ಲಾಸ್ಟಿಕ್ ಕುರ್ಚಿ. ವಿಷಯ 'ಗಂಗರ ಆಡಳಿತ ವ್ಯವಸ್ಥೆ'. ಬಂದವರು ಒಳ್ಳೆಯ ವಿದ್ವಾಂಸರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬರೆದು ತಂದಿದ್ದನ್ನು ತಲೆ ಎತ್ತದೆ ಓದಿದರು, ನಡುವೆ ಕರೆಂಟ್ ಹೋಯಿತು, ಮೊಬೈಲ್ ಟಾರ್ಚ್ ಹಾಕಿಕೊಂಡೂ ಓದಿದರು.

ನಮ್ಮೂರಿನ ಇತಿಹಾಸಕ್ಕೆ ಬರ ಇಲ್ಲ ಸ್ವಾಮಿ. ಗಂಗರ ಮೊದಲ ರಾಜಧಾನಿ ಕುವಲಾಲಪುರ ಅಂದರೆ ಇದೇ ಕೋಲಾರ. ಚೋಳರು ಬಂದು ಹೋದರು. ಹೈದರ್ ಅಲಿ ಹುಟ್ಟಿದ್ದು ಬೂದಿಕೋಟೆಯಲ್ಲಿ, ಅವನ ಅಪ್ಪನ ಗೋರಿ ಇರುವುದು ಪೇಟೆಯ ಮಕ್ಬರಾದಲ್ಲಿ. ಡಿವಿಜಿ ಮುಳಬಾಗಿಲಿನವರು, ಮಾಸ್ತಿ ಮಾಲೂರು ತಾಲ್ಲೂಕಿನವರು. ಇಷ್ಟೆಲ್ಲ ಇಟ್ಟುಕೊಂಡು ಸಭಾಂಗಣ ಖಾಲಿ ಹೊಡೆಯುತ್ತದೆ.

ಈಗ ಕಮಿಟಿಯಲ್ಲಿ ಜಗಳ. ಒಬ್ಬರು ಬೆಂಗಳೂರಿನಿಂದ ದೊಡ್ಡ ಹೆಸರಿನವರನ್ನು ಕರೆಸೋಣ ಅನ್ನುತ್ತಾರೆ. ಇನ್ನೊಬ್ಬರು ಕಾಲೇಜಿನಲ್ಲಿ ಇಟ್ಟು ಹುಡುಗರಿಗೆ ಅಟೆಂಡೆನ್ಸ್ ಕೊಡಿಸೋಣ ಅನ್ನುತ್ತಾರೆ. ಮತ್ತೊಬ್ಬರು ಸಭೆಯೇ ಬೇಡ, ಯೂಟ್ಯೂಬ್‌ಗೆ ಹಾಕಿಬಿಡೋಣ ಅಂತ. ನನಗೆ ಮೂರೂ ಸರಿ ಅನ್ನಿಸುತ್ತಿಲ್ಲ, ಆದರೆ ಬೇರೆ ಏನು ಅಂತ ಹೇಳೋಕೂ ಗೊತ್ತಾಗುತ್ತಿಲ್ಲ. ನಿಮ್ಮ ಊರಲ್ಲಿ ಇಂಥದ್ದು ನಡೆಸಿದವರು ಇದ್ದರೆ ಹೇಳಿ. ವಿಷಯ, ಸಮಯ, ದುಡ್ಡು, ಯಾವುದರ ಬಗ್ಗೆ ಆದರೂ ಸರಿ.

ಹಳೇ ಬಸ್‌ಸ್ಟ್ಯಾಂಡ್:

ಸರ್, ಮೊದಲು ವೇದಿಕೆ ಖಾಲಿ ಮಾಡಿ. ನಾನು ನಿಮ್ಮ ಪಕ್ಕದ ಜಿಲ್ಲೆಯವನು, ಇಂಥ ಕಾರ್ಯಕ್ರಮಗಳಿಗೆ ಕುರ್ಚಿ ಹಾಕಿ, ಮೈಕ್ ಕಟ್ಟಿ ಅಭ್ಯಾಸ ಇರುವವನು. ಆರಕ್ಕೆ ಅಂತ ಇನ್ವಿಟೇಶನ್‌ನಲ್ಲಿ ಹಾಕುತ್ತಾರೆ. ಆರೂಮುಕ್ಕಾಲಿಗೆ ಪ್ರಾರ್ಥನೆ. ಆಮೇಲೆ ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಅತಿಥಿಗಳ ಪರಿಚಯ, ಮುಖ್ಯ ಅತಿಥಿಗಳ 'ಎರಡೇ ಮಾತು', ಅದು ಇಪ್ಪತ್ತು ನಿಮಿಷ. ಉಪನ್ಯಾಸ ಮಾಡುವವರ ಕೈಗೆ ಮೈಕ್ ಬರುವಾಗ ಏಳೂಮುಕ್ಕಾಲು. ಅವರು ಶುರು ಮಾಡುತ್ತಿದ್ದಂತೆ ಅಧ್ಯಕ್ಷರು ವಾಚ್ ನೋಡುತ್ತಾರೆ. ಕೊನೆಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಫೋಟೋ, ವಂದನಾರ್ಪಣೆ. ಕೇಳಲು ಬಂದವನು ಒಂದೂವರೆ ಗಂಟೆ ಬೇರೆಯವರ ಸನ್ಮಾನ ನೋಡಿ ಮನೆಗೆ ಹೋಗುತ್ತಾನೆ. ಮುಂದಿನ ವಾರ ಅವನು ಯಾಕೆ ಬರಬೇಕು ಹೇಳಿ?

ಒಂದು ಟೇಬಲ್, ಒಂದು ಕುರ್ಚಿ, ಒಂದು ಮೈಕ್. ಪರಿಚಯ ಎರಡು ವಾಕ್ಯದಲ್ಲಿ ಮುಗಿಯಲಿ. ನಲವತ್ತು ನಿಮಿಷ ಮಾತು, ಅಷ್ಟೇ ಹೊತ್ತು ಪ್ರಶ್ನೆ. ಹಾರದ ದುಡ್ಡಲ್ಲಿ ಎಲ್ಲರಿಗೂ ಟೀ, ಖಾರಾಬೂಂದಿ ಆಗುತ್ತದೆ. ಕಮಿಟಿಯವರಿಗೆ ಬೇಜಾರಾಗುತ್ತದೆ, ಆಗಲಿ ಬಿಡಿ.

ಸಮಯದ ಬಗ್ಗೆ. ಕೋಲಾರದಿಂದ ದಿನಾ ಬೆಂಗಳೂರಿಗೆ ಹೋಗಿ ಬರುವವರು ಎಷ್ಟು ಜನ ಇದ್ದಾರೆ ಅಂತ ನಿಮಗೇ ಗೊತ್ತು. ವಾರದ ದಿನ ಸಂಜೆ ಐದಕ್ಕೆ ಇಟ್ಟರೆ ರಿಟೈರ್ ಆದವರು ಬಿಟ್ಟು ಬೇರೆ ಯಾರಿಗೂ ಬರೋಕೆ ಆಗಲ್ಲ. ಶನಿವಾರ ಆರೂವರೆ ಇಡಿ. ಮೇ, ಜೂನ್ ಬೇಡ, ಶ್ರೀನಿವಾಸಪುರದ ಕಡೆಯವರೆಲ್ಲ ಮಾವಿನ ಮಂಡಿಯಲ್ಲಿರುತ್ತಾರೆ. ನವೆಂಬರ್ ಬೇಡವೇ ಬೇಡ, ರಾಜ್ಯೋತ್ಸವಕ್ಕೆ ಬೀದಿಗೊಂದು ಶಾಮಿಯಾನ. ನನ್ನ ಪ್ರಕಾರ ಆಷಾಢ ಮಾಸ ಒಳ್ಳೆಯದು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಜನಕ್ಕೆ ಸಂಜೆ ಬಿಡುವು, ಛತ್ರದವರು ಖಾಲಿ ಇಡುವ ಬದಲು ಕಡಿಮೆ ಬಾಡಿಗೆಗೆ ಕೊಡುತ್ತಾರೆ. ನಿಮ್ಮ ಕಡೆ ಮಳೆ ಕಾಟವೂ ಅಷ್ಟಿಲ್ಲ.

ಶಾಸನದ ಹುಚ್ಚ:

'ಗಂಗರ ಆಡಳಿತ ವ್ಯವಸ್ಥೆ' ಅಂದರೆ ನಾನೂ ಬರಲ್ಲ ಸರ್, ನನಗೆ ಶಾಸನ ಅಂದರೆ ಪ್ರಾಣ ಆದರೂ. ಅದು ಪರೀಕ್ಷೆಯ ಹತ್ತು ಅಂಕದ ಪ್ರಶ್ನೆ. ವಿಷಯ ಚಿಕ್ಕದಾಗಬೇಕು. ಒಂದು ಸಂಜೆಗೆ ಒಂದು ಕಲ್ಲು ಸಾಕು.

ಬಿ.ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ 10ನೇ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯದು, 1905ರಲ್ಲಿ ಬಂದದ್ದು. ಇಂಟರ್ನೆಟ್‌ನಲ್ಲಿ ಸ್ಕ್ಯಾನ್ ಸಿಗುತ್ತದೆ, ಒಂದು ಪೈಸೆ ಖರ್ಚಿಲ್ಲ. ಶಾಸನಗಳನ್ನು ತಾಲ್ಲೂಕುವಾರು ನಂಬರ್ ಹಾಕಿ, ಯಾವ ಊರು, ಆ ಊರಲ್ಲಿ ಯಾವ ಜಾಗ ಅಂತ ಬರೆದಿದ್ದಾರೆ. ಈಗಿನ ಬಂಗಾರಪೇಟೆ ಅದರಲ್ಲಿ ಬೌರಿಂಗ್‌ಪೇಟೆ ಅಂತಲೇ ಇದೆ. ಇದನ್ನು ಹಿಡಿದುಕೊಂಡು ನಿಮ್ಮ ಸುತ್ತಲಿನ ಯಾವುದಾದರೂ ಹಳ್ಳಿಗೆ ಹೋಗಿ. ನೂರಿಪ್ಪತ್ತು ವರ್ಷದ ಹಿಂದೆ ಕೆರೆ ಏರಿ ಮೇಲಿದ್ದ ಕಲ್ಲು ಈಗಲೂ ಅಲ್ಲೇ ಇದೆಯಾ, ಯಾರದೋ ದನದ ಕೊಟ್ಟಿಗೆಗೆ ಚಪ್ಪಡಿ ಆಗಿದೆಯಾ, ರಸ್ತೆ ಅಗಲ ಮಾಡುವಾಗ ಮಣ್ಣಿನಡಿ ಹೋಯಿತಾ, ಇದನ್ನು ನೋಡಿಕೊಂಡು ಬಂದು ಫೋಟೋ ಸಮೇತ ಹೇಳಿದರೆ ಅದೇ ಒಂದು ಉಪನ್ಯಾಸ. ಆ ಹಳ್ಳಿಯವರು ಟ್ರ್ಯಾಕ್ಟರ್ ಮಾಡಿಕೊಂಡು ಬರುತ್ತಾರೆ, ನೋಡ್ತಾ ಇರಿ.

ಬೆಂಗಳೂರಿನ ಹೆಬ್ಬಾಳದ ಕಿತ್ತಯ್ಯನ ವೀರಗಲ್ಲಿನ ಕಥೆ ಗೊತ್ತಲ್ವಾ? ಸುಮಾರು ಕ್ರಿ.ಶ. 750ರದ್ದು. ರಟ್ಟವಾಡಿಯವರು, ಅಂದರೆ ರಾಷ್ಟ್ರಕೂಟರ ಕಡೆಯವರು, ಊರ ಮೇಲೆ ಬಿದ್ದಾಗ ಹೋರಾಡಿ ಸತ್ತವನ ಕಲ್ಲು. 2018ರಲ್ಲಿ ಸಿಕ್ಕಿತು. ಬಡಾವಣೆಯ ಜನ ಅದನ್ನು ತಮ್ಮ ಕಲ್ಲು ಅಂದುಕೊಂಡರು, ಅದಕ್ಕೊಂದು ಮಂಟಪವನ್ನೇ ಕಟ್ಟಿಸಿದರು. ಅಪಾರ್ಟ್‌ಮೆಂಟ್‌ಗಳ ನಡುವೆ, ಶಾಸನದ ಲಿಪಿ ಓದಲು ಬಾರದ ಜನ! ಅವರನ್ನು ಹಿಡಿದಿದ್ದು ಗಂಗರ ಆಡಳಿತ ಅಲ್ಲ, ಕಿತ್ತಯ್ಯ ಅನ್ನೋ ಒಬ್ಬ ಮನುಷ್ಯನ ಹೆಸರು.

ನಿಮ್ಮಲ್ಲಿ ಇಂಥದ್ದಕ್ಕೆ ಕೊರತೆಯೇ? ಆವಣಿಯ ತ್ರಿಭುವನಕರ್ತಾರನನ್ನು ತೆಗೆದುಕೊಳ್ಳಿ. ಹತ್ತನೇ ಶತಮಾನದ ತಪಸ್ವಿ, ಮಠದ ಯಜಮಾನಿಕೆ ನಡೆಸಿದವನು. ಐವತ್ತು ಗುಡಿ, ಎರಡು ದೊಡ್ಡ ಕೆರೆ ಕಟ್ಟಿಸಿದ ಅಂತ ಶಾಸನದಲ್ಲಿ ಇದೆ. ತಪಸ್ವಿಗೆ ಅಷ್ಟು ದುಡ್ಡು ಎಲ್ಲಿಂದ ಬಂತು, ಕೆರೆ ಯಾಕೆ ಕಟ್ಟಿಸಿದ, ಆ ನೀರು ಯಾರ ಗದ್ದೆಗೆ ಹೋಯಿತು? ಇಷ್ಟು ಕೇಳಿದರೆ ನಿಮ್ಮ ಆಡಳಿತ ವ್ಯವಸ್ಥೆ ತಾನಾಗೇ ಬಂತಲ್ಲ.

ಇನ್ನು ಕೋಲಾರಮ್ಮನ ಗುಡಿ. ದಿನಾ ಕೈ ಮುಗಿಯುವ ಜನಕ್ಕೆ ಅದರ ಗೋಡೆ ತುಂಬ ಇರುವ ಶಾಸನಗಳಲ್ಲಿ ಹೆಚ್ಚಿನವು ತಮಿಳು, ಚೋಳರ ಕಾಲದವು ಅಂತ ಗೊತ್ತಿರುವುದಿಲ್ಲ. ಒಳಗೆ ಚೇಳಮ್ಮನ ಎದುರು ನೆಲದಲ್ಲೇ ಕೊರೆದ ಹುಂಡಿ ಇದೆ. ಆ ಕಿಂಡಿಗೆ ಕಾಸು ಹಾಕದ ಮಕ್ಕಳು ಕೋಲಾರದಲ್ಲಿ ಇಲ್ಲ. ಅಲ್ಲಿಂದ ಶುರು ಮಾಡಿ, ಗೋಡೆಗೆ ಬನ್ನಿ.

ಗೋರಂಟಿ ಮೇಷ್ಟ್ರು:

ಮೇಲಿನವರು ಹೇಳಿದ್ದು ಕೇಳೋಕೆ ಚೆನ್ನಾಗಿದೆ. ನನ್ನದು ಸ್ವಲ್ಪ ತಕರಾರು. ಊರಿನವರಿಗೆ ಮೈಕ್ ಕೊಡಿ, ಕಥೆ ಹೇಳಿ ಅಂತ ಹೊರಟರೆ ಅದು ವಾಟ್ಸಾಪ್ ಇತಿಹಾಸಕ್ಕೆ ಹೋಗಿ ನಿಲ್ಲುತ್ತದೆ. ಒಬ್ಬರು ಎದ್ದು ನಿಂತು ನಮ್ಮ ಜಾತಿಯವರೇ ಇಲ್ಲಿ ಆಳಿದ್ದು ಅನ್ನುತ್ತಾರೆ, ಇನ್ನೊಬ್ಬರು ಇಲ್ಲ ನಮ್ಮವರು ಅನ್ನುತ್ತಾರೆ, ಮುಗೀತು. ಉಪನ್ಯಾಸ ಅಂದಮೇಲೆ ಓದಿಕೊಂಡವರು ಇರಲೇಬೇಕು. ಕಷ್ಟ ಇರುವುದು ಅವರ ಓದಿನಲ್ಲಿ ಅಲ್ಲ. ಅವರನ್ನು ಕರೆಯುವಾಗ ನಾವು ಏನು ಬೇಕು ಅಂತ ಸರಿಯಾಗಿ ಹೇಳುವುದಿಲ್ಲ. 'ಏನಾದರೂ ಒಂದು ಮಾತಾಡಿ ಸರ್' ಅಂದರೆ ಅವರು ಸುಮ್ನೆ ಹಳೇ ಪೇಪರ್ ತರುತ್ತಾರೆ.

ಸ್ಥಳಪುರಾಣ ಬೇಡ ಅನ್ನುತ್ತಿಲ್ಲ. ಆವಣಿಯಲ್ಲಿ ಸೀತೆ ಇದ್ದಳು, ಲವಕುಶರು ಅಲ್ಲೇ ಹುಟ್ಟಿದರು ಅಂತ ಜನ ನಂಬುತ್ತಾರೆ. ಅಂತರಗಂಗೆ ಬೆಟ್ಟಕ್ಕೆ ಪರಶುರಾಮ, ಕಾರ್ತವೀರ್ಯಾರ್ಜುನನ ಕಥೆ ಇದೆ. ಅದನ್ನು ಗೇಲಿ ಮಾಡದೆ ಹೇಳಬೇಕು, ಶಾಸನ ಹೇಳುವುದು ಬೇರೆ ಅಂತಲೂ ಹೇಳಬೇಕು. ಎರಡನ್ನೂ ಒಂದೇ ಸಂಜೆ ನಿಭಾಯಿಸಲು ಗಟ್ಟಿ ಆಸಾಮಿ ಬೇಕು.

ಹೈದರ್ ವಿಷಯ ಇಟ್ಟರೆ ಇನ್ನೂ ಹುಷಾರು, ಈಗಿನ ಕಾಲದಲ್ಲಿ ಹೆಸರು ಎತ್ತಿದರೆ ಸಾಕು, ಎರಡು ಪಾರ್ಟಿ. ಆದರೆ ಬಿಡಬೇಡಿ. 1782ರ ಡಿಸೆಂಬರ್‌ನಲ್ಲಿ ಚಿತ್ತೂರಿನ ಹತ್ತಿರ ದಂಡಿನಲ್ಲೇ ಅವನು ಸತ್ತ. ಮಗ ಟಿಪ್ಪು ದೂರದಲ್ಲಿದ್ದ. ಸೈನ್ಯಕ್ಕೆ ಗೊತ್ತಾಗಬಾರದು ಅಂತ ಹೆಣವನ್ನು ಪೆಟ್ಟಿಗೆಯಲ್ಲಿಟ್ಟು, ಖಜಾನೆ ಸಾಗಿಸುವ ಹಾಗೆ ಕಾವಲಿನ ಜೊತೆ ಕೋಲಾರಕ್ಕೆ ಕಳಿಸಿದರು. ಮೊದಲು ಅಪ್ಪನ ಮಕ್ಬರಾದಲ್ಲೇ ಇಟ್ಟು, ಆಮೇಲೆ ಶ್ರೀರಂಗಪಟ್ಟಣಕ್ಕೆ ಒಯ್ದರು. ಇದರಲ್ಲಿ ಹೊಗಳುವುದು ತೆಗಳುವುದು ಏನಿದೆ? ನಿಮ್ಮ ಪೇಟೆ ಮಧ್ಯದ ಒಂದು ಕಟ್ಟಡದಲ್ಲಿ ನಡೆದ ಘಟನೆ. ಇಷ್ಟನ್ನು ಚೆನ್ನಾಗಿ ಹೇಳುವವರು ಸಿಕ್ಕರೆ ಜಗಳಕ್ಕೆ ಬಂದವನೂ ಕೂತು ಕೇಳುತ್ತಾನೆ.

ಇನ್ನೊಂದು. ಆಡಿದ ಮಾತು ಗಾಳಿಗೆ ಹೋಗಬಾರದು. ಬೆಂಗಳೂರಿನ ಮಿಥಿಕ್ ಸೊಸೈಟಿ 1909ರಲ್ಲಿ ಶುರುವಾದದ್ದು. ಇವತ್ತಿಗೂ ಆ ಹೆಸರು ನಿಂತಿದೆ ಅಂದರೆ ಅವರು ಭಾಷಣ ಮಾಡಿಸಿ ಕೈ ತೊಳೆದುಕೊಳ್ಳಲಿಲ್ಲ, ತಮ್ಮ ತ್ರೈಮಾಸಿಕದಲ್ಲಿ ಲೇಖನಗಳನ್ನು ಅಚ್ಚು ಹಾಕುತ್ತಾ ಬಂದರು. ಈಗ ಬೆಂಗಳೂರಿನ ಶಾಸನದ ಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಇಡುತ್ತಿದ್ದಾರೆ. ನೀವು ಅಷ್ಟು ದೊಡ್ಡದು ಮಾಡಬೇಕಿಲ್ಲ. ಪ್ರತಿ ಉಪನ್ಯಾಸವನ್ನೂ ಎಂಟು ಪುಟಕ್ಕೆ ಇಳಿಸಿ, ಡಿಟಿಪಿ ಮಾಡಿಸಿ, ತಾಲ್ಲೂಕಿನ ಹೈಸ್ಕೂಲುಗಳಿಗೆ ಹಂಚಿ. ಯೂಟ್ಯೂಬ್‌ಗೂ ಹಾಕಿ, ಬೇಡ ಅಂದವರು ಯಾರು? ಆದರೆ ಅದು ಸಭೆಗೆ ಬದಲಿ ಅಲ್ಲ, ಬರಲಾಗದವರಿಗೆ.

ಕಾಲೇಜಿನಲ್ಲಿ ಅಟೆಂಡೆನ್ಸ್ ಕೊಡಿಸುವ ಐಡಿಯಾ ಮಾತ್ರ ಬೇಡ ಮಹಾರಾಯರೇ. ಮೂವತ್ತು ವರ್ಷ ಪಾಠ ಮಾಡಿದವನು ಹೇಳುತ್ತಿದ್ದೇನೆ.

ಚಾಂಪಿಯನ್ ರೀಫ್ ಹುಡುಗಿ:

ಪ್ರಶ್ನೆಯನ್ನು ಎರಡು ಸಲ ಓದಿದೆ. ಗಂಗರು ಬಂದರು, ಚೋಳರು, ಹೈದರ್, ಡಿವಿಜಿ, ಮಾಸ್ತಿ ಎಲ್ಲ ಬಂದರು. ಕೆಜಿಎಫ್ ಬರಲೇ ಇಲ್ಲ! ಕೋಲಾರ ಅಂದ ತಕ್ಷಣ ಇಡೀ ಪ್ರಪಂಚ ಕೇಳುವುದು ಚಿನ್ನದ ಗಣಿ ಬಗ್ಗೆ, ಕೋಲಾರದವರು ಮಾತ್ರ ಅದು ಬೇರೆ ಯಾರದೋ ಊರು ಅನ್ನೋ ಥರ ಇರುತ್ತೀರಿ. ಕಾರಣ ನನಗೂ ಗೊತ್ತು, ನಿಮಗೂ ಗೊತ್ತು. ಗಣಿಗೆ ಇಳಿದವರಲ್ಲಿ ಜಾಸ್ತಿ ಜನ ಉತ್ತರ ಆರ್ಕಾಟ್ ಕಡೆಯಿಂದ ಬಂದ ತಮಿಳರು, ಅದರಲ್ಲೂ ಹೆಚ್ಚಿನವರು ದಲಿತರು. ನಮ್ಮ ತಾತ ಅವರಲ್ಲಿ ಒಬ್ಬರು. ನಾನು ಓದಿದ್ದು ಕನ್ನಡ ಮೀಡಿಯಂ, ಮನೆಯಲ್ಲಿ ಮಾತಾಡೋದು ತಮಿಳು, ಅಂಗಡಿಯಲ್ಲಿ ತೆಲುಗು. ಇದು ನಮ್ಮ ಜಿಲ್ಲೆ ತಾನೇ?

ಎಷ್ಟು ಸಂಜೆ ಬೇಕು ನಿಮಗೆ? 1802ರಲ್ಲಿ ಜಾನ್ ವಾರೆನ್ ಅನ್ನೋ ಸರ್ವೆ ಅಧಿಕಾರಿ ಇಲ್ಲಿನ ಹಳ್ಳಿ ಜನ ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ನೋಡಿ ಬರೆದಿಟ್ಟ. ಎಪ್ಪತ್ತು ವರ್ಷ ಆದಮೇಲೆ ಚಿನ್ನ ಹುಡುಕಿಕೊಂಡು ಲಾವೆಲ್ ಬಂದ, ಬೆಂಗಳೂರಿನ ಲಾವೆಲ್ ರಸ್ತೆ ಇದೆಯಲ್ಲ, ಅವನೇ. ಆಮೇಲೆ 1880ರಲ್ಲಿ ಗಣಿ ನಡೆಸಿದ ಜಾನ್ ಟೇಲರ್ ಕಂಪನಿ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೆಜಿಎಫ್‌ಗೆ ಕರೆಂಟ್ ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ, ನಮ್ಮದಾದ ಮೇಲೆ. ಆ ಕರೆಂಟ್ ಬಂದಿದ್ದು ಮಿಷಿನ್‌ಗೆ ಮತ್ತು ಬ್ರಿಟಿಷ್ ದೊರೆಗಳ ಬಂಗಲೆಗೆ, ಕೂಲಿ ಲೈನಿನ ತಟ್ಟಿ ಮನೆಗಳಿಗಲ್ಲ, ಅದನ್ನೂ ಹೇಳಬೇಕು.

ವಿಜ್ಞಾನದ ಮಕ್ಕಳನ್ನು ಕರೆಸಬೇಕಾ? 1965ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಫಂಡಮೆಂಟಲ್ ರಿಸರ್ಚ್‌ನವರು, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರಮ್‌ನವರ ಜೊತೆ ಸೇರಿ ಚಾಂಪಿಯನ್ ರೀಫ್ ಗಣಿಯೊಳಗೆ ಎರಡು ಕಿಲೋಮೀಟರ್‌ಗಿಂತ ಆಳದಲ್ಲಿ ಪ್ರಯೋಗ ಮಾಡಿದರು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಣ ಪ್ರಪಂಚದಲ್ಲೇ ಮೊದಲು ಪತ್ತೆಯಾದ ಜಾಗಗಳಲ್ಲಿ ಅದೂ ಒಂದು, ಅದೇ ವರ್ಷ ದಕ್ಷಿಣ ಆಫ್ರಿಕಾದ ಗಣಿಯಲ್ಲಿ ಇನ್ನೊಂದು ತಂಡಕ್ಕೂ ಸಿಕ್ಕಿತು. ಅಷ್ಟು ಆಳ ಯಾಕೆ ಬೇಕಾಯಿತು ಅಂದರೆ ಮೇಲಿನಿಂದ ಸುರಿಯುವ ಬೇರೆ ಕಣಗಳನ್ನು ಬಂಡೆ ತಡೆಯುತ್ತದೆ, ನ್ಯೂಟ್ರಿನೋ ಮಾತ್ರ ತೂರಿಕೊಂಡು ಬರುತ್ತದೆ. ನಮ್ಮ ತಾತಂದಿರು ಚಿನ್ನಕ್ಕೆ ಅಂತ ಕೊರೆದ ಗುಂಡಿ ಫಿಸಿಕ್ಸ್‌ಗೆ ಆಯಿತು. ಇದನ್ನು ಕೋಲಾರದ ಯಾವ ಸ್ಕೂಲಿನಲ್ಲಾದರೂ ಹೇಳಿದ್ದಾರಾ?

ಗಣಿ ಮುಚ್ಚಿದ್ದು 2001ರ ಫೆಬ್ರವರಿ 28. ಕೆಳಗೆ ಇಳಿದು ಕೆಲಸ ಮಾಡಿದವರು ಈಗ ವಯಸ್ಸಾದವರು, ವರ್ಷ ವರ್ಷ ಕಡಿಮೆ ಆಗುತ್ತಿದ್ದಾರೆ. ರಾಕ್ ಬರ್ಸ್ಟ್, ಅಂದರೆ ಗಣಿಯೊಳಗೆ ಬಂಡೆ ಸಿಡಿಯುವುದು, ಆದಾಗ ಮೇಲೆ ಮನೆಯಲ್ಲಿ ಪಾತ್ರೆ ಅಲುಗುತ್ತಿತ್ತು, ಆಗ ಹೆಂಗಸರೆಲ್ಲ ಗಣಿಗೆ ಇಳಿಯುವ ಬಾವಿ, ಶಾಫ್ಟ್ ಕಡೆ ಓಡುತ್ತಿದ್ದರು ಅಂತ ಅಜ್ಜಿ ಹೇಳುತ್ತಿದ್ದರು. ಮೇಷ್ಟ್ರೇ, ಇದು ವಾಟ್ಸಾಪ್ ಇತಿಹಾಸ ಅಲ್ಲ ಅಲ್ವಾ?

ಗೋರಂಟಿ ಮೇಷ್ಟ್ರು:

ಅಲ್ಲಮ್ಮ, ಖಂಡಿತ ಅಲ್ಲ. ಕಣ್ಣಾರೆ ಕಂಡವರು ಬೇರೆ, ಕಟ್ಟಿ ಹೇಳುವವರು ಬೇರೆ. ಅಂಥವರ ಪಕ್ಕದಲ್ಲಿ ದಾಖಲೆ ಓದಿದವರೊಬ್ಬರು ಕೂರಲಿ, ಇಸವಿ ಹಿಂದೆ ಮುಂದೆ ಆದರೆ ಸರಿ ಮಾಡಲಿ. ನಾನು ಕೇಳುವುದು ಇಷ್ಟೇ.

ಲೆಕ್ಕದ ಪುಸ್ತಕ:

ಯಾರೂ ದುಡ್ಡಿನ ಮಾತೇ ಎತ್ತಲಿಲ್ಲವಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ, ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ದತ್ತಿ ಉಪನ್ಯಾಸ ಅಂತ ನಡೆಯುತ್ತವೆ, ನೋಡಿರುತ್ತೀರಿ. ಯಾರೋ ಅಪ್ಪನ ಹೆಸರಲ್ಲಿ, ಅಮ್ಮನ ಹೆಸರಲ್ಲಿ ಒಂದು ಮೊತ್ತ ಕೊಡುತ್ತಾರೆ, ಅದನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ. ಸಣ್ಣ ಊರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ, ಪ್ರತಿ ವರ್ಷ ಅಂಗಡಿ ಅಂಗಡಿ ರಸೀದಿ ಪುಸ್ತಕ ಹಿಡಿದು ಹೋಗುವುದು ತಪ್ಪುತ್ತದೆ.

ಆದರೆ ಷರತ್ತುಗಳನ್ನು ಮೊದಲೇ ಬರೆದುಕೊಳ್ಳಿ. ವಿಷಯ ಬಳಗದ್ದು, ಭಾಷಣಕಾರರನ್ನು ಆರಿಸುವುದು ಬಳಗ. ಇಲ್ಲದಿದ್ದರೆ ದತ್ತಿ ಕೊಟ್ಟವರ ಅಳಿಯ ಪ್ರತಿ ವರ್ಷ ಅಧ್ಯಕ್ಷತೆ ವಹಿಸುತ್ತಾರೆ, ಬೇಕಾದರೆ ಬರೆದುಕೊಡುತ್ತೇನೆ. ಬಡ್ಡಿ ಇಳಿದರೆ ಎರಡು ದತ್ತಿ ಸೇರಿಸಿ ಒಂದು ಸಂಜೆ ಮಾಡಬಹುದು ಅಂತಲೂ ಹಾಕಿ. ಬಳಗ ರಿಜಿಸ್ಟರ್ ಆಗಿದೆಯಾ? ಆಗಿಲ್ಲದಿದ್ದರೆ ಅದು ಮೊದಲು. ಯಾರದೋ ಸ್ವಂತ ಖಾತೆಯಲ್ಲಿ ದುಡ್ಡು ಇಟ್ಟರೆ ನಾಳೆ ಮನಸ್ತಾಪ ಗ್ಯಾರಂಟಿ.

ಬೆಂಗಳೂರಿನ ದೊಡ್ಡ ಹೆಸರಿಗೆ ಕಾರು, ಊಟ, ಗೌರವಧನ ಅಂತ ಸುರಿಯುವ ದುಡ್ಡಲ್ಲಿ ಒಂದು ಒಳ್ಳೆಯ ಪ್ರೊಜೆಕ್ಟರ್, ಬ್ಯಾಟರಿ ಇರುವ ಸ್ಪೀಕರ್ ಬರುತ್ತದೆ. ಕರೆಂಟ್ ಹೋದರೂ ಟಾರ್ಚ್ ಹಿಡಿಯಬೇಕಿಲ್ಲ.

ಕೆರೆಕೋಡಿ:

ಇಷ್ಟು ಜನ ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಪ್ರಿಂಟ್ ತೆಗೆದು ಭಾನುವಾರದ ಮೀಟಿಂಗ್‌ನಲ್ಲಿ ಓದಿದೆ. ಹಾರ ಶಾಲು ಬೇಡ ಅನ್ನೋದಕ್ಕೆ ಅರ್ಧ ಗಂಟೆ ಚರ್ಚೆ ಆಯಿತು, ಕೊನೆಗೆ ಮಾಲೆಯ ಕೊನೇ ದಿನ ಮಾತ್ರ ಅಂತ ರಾಜಿ. ಆಷಾಢ, ಶನಿವಾರ, ಆರೂವರೆ ಒಪ್ಪಿದರು. ನಾಲ್ಕು ಸಂಜೆ ಸಾಕು ಅಂತಾಯಿತು.

ಮೊದಲನೆಯದು ಕೆರೆ. ಇದು ನನ್ನ ಹಟ. ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದಾಗಿನಿಂದ ನಮ್ಮಲ್ಲಿ ಟೀ ಅಂಗಡಿಯಲ್ಲೂ ಕೆರೆಯದೇ ಮಾತು. ನೀರು ಬಂತು ಅಂತ ಖುಷಿ ಪಡುವವರೂ ಇದ್ದಾರೆ, ಎಂಥ ನೀರು ಅಂತ ಕೇಳುವವರೂ ಇದ್ದಾರೆ. ಹಾಗಾದರೆ ಹಿಂದೆ ಕೆರೆ ಹೇಗೆ ನಡೆಯುತ್ತಿತ್ತು ಅಂತ ಹೇಳೋಣ. ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಕೊಡಗೆ ಅಂದರೆ ಕೆರೆ ಕಟ್ಟಿಸಿದವರಿಗೆ, ನೋಡಿಕೊಳ್ಳುವವರಿಗೆ ಬಿಟ್ಟ ಜಮೀನು. ಅದನ್ನು ಶಾಸನ ಬಲ್ಲವರು ಹೇಳುತ್ತಾರೆ. ಅವರ ಪಕ್ಕದಲ್ಲಿ ನಮ್ಮ ಹಳ್ಳಿಯ ಹಳೇ ನೀರಗಂಟಿ, ಅಂದರೆ ಕೆರೆ ನೀರನ್ನು ಗದ್ದೆಗಳಿಗೆ ಬಿಡುವವರು, ಒಬ್ಬರನ್ನು ಕೂರಿಸುತ್ತೇವೆ. ತೂಬು ಎಷ್ಟು ಎತ್ತಬೇಕು, ಕೊನೇ ಗದ್ದೆಯವನಿಗೆ ನೀರು ಮುಟ್ಟದಿದ್ದರೆ ಯಾರು ಬೈಸಿಕೊಳ್ಳಬೇಕು, ಇದೆಲ್ಲ ಅವರಿಗೆ ಬಾಯಿಪಾಠ. ಮಾರನೇ ದಿನ ಬೆಳಿಗ್ಗೆ ಬಂದವರೆಲ್ಲ ಆ ಏರಿ ಮೇಲೆ ಹೋಗುವುದು. ಶಾಸನದ ಹುಚ್ಚರೇ, ನಂಬರ್ ಸಮೇತ ಒಂದು ಕೆರೆ ಶಾಸನ ಹುಡುಕಿಕೊಡಿ, ನೀವೂ ಬನ್ನಿ.

ಎರಡನೆಯದು ಕೋಲಾರಮ್ಮನ ಗೋಡೆ, ತಮಿಳು ಓದಿ ಕನ್ನಡದಲ್ಲಿ ಹೇಳುವವರು ಬೇಕು. ಮೂರನೆಯದಕ್ಕೆ ಮಕ್ಬರಾ ಅಂದುಕೊಂಡಿದ್ದೇವೆ, ಮೇಷ್ಟ್ರನ್ನೇ ಕೇಳೋಣ ಅಂತ ಕಮಿಟಿ ಹೇಳಿದೆ, ತಕರಾರು ತೆಗೆದವರೇ ಜವಾಬ್ದಾರಿ ಹೊರಬೇಕು. ಕೊನೆಯದು ಕೆಜಿಎಫ್. ಅದನ್ನು ಬಿಟ್ಟಿದ್ದಕ್ಕೆ ತಂಗಿ ಬೈದಿದ್ದು ನ್ಯಾಯವೇ. ಗಣಿಯಲ್ಲಿ ಕೆಲಸ ಮಾಡಿದವರು ಯಾರಾದರೂ ಬರುತ್ತಾರಾ?

ಗೋರಂಟಿ ಮೇಷ್ಟ್ರು:

ಹೊರುತ್ತೇನೆ. ಆದರೆ ಇನ್ವಿಟೇಶನ್‌ನಲ್ಲಿ ನನ್ನ ಹೆಸರಿನ ಹಿಂದೆ 'ಖ್ಯಾತ ಇತಿಹಾಸಕಾರ' ಅಂತೆಲ್ಲ ಹಾಕಬೇಡಿ. ಮಕ್ಬರಾ ನೋಡಿಕೊಳ್ಳುವವರನ್ನು ಮೊದಲೇ ಹೋಗಿ ಮಾತಾಡಿಸಿ. ಅವರನ್ನು ಬಿಟ್ಟು ಅವರ ಜಾಗದ ಬಗ್ಗೆ ಮಾತಾಡುವುದು ಸರಿಯಲ್ಲ.

ಚಾಂಪಿಯನ್ ರೀಫ್ ಹುಡುಗಿ:

ನಮ್ಮ ದೊಡ್ಡಪ್ಪ ವೈಂಡಿಂಗ್ ಇಂಜಿನ್ ಡ್ರೈವರ್ ಆಗಿದ್ದರು, ಅಂದರೆ ಜನ ಕೂತ ಕೇಜನ್ನು ಶಾಫ್ಟಿನಲ್ಲಿ ಇಳಿಸಿ ಹತ್ತಿಸುವ ಕೆಲಸ. ಅವರನ್ನು ಒಪ್ಪಿಸುತ್ತೇನೆ. ಮೈಕ್ ಹಿಡಿದು ನಿಂತು ಭಾಷಣ ಮಾಡು ಅಂದರೆ ಮಾಡಲ್ಲ, ಎದುರು ಕೂತು ಯಾರಾದರೂ ಪ್ರಶ್ನೆ ಕೇಳಬೇಕು. ಬೆಲ್ ಎಷ್ಟು ಹೊಡೆದರೆ ಏನು ಅರ್ಥ ಅಂತ ಕೇಳಿ, ಅಲ್ಲಿಂದ ಅವರೇ ಹೊರಡುತ್ತಾರೆ. ಮಾತು ತಮಿಳಿನಲ್ಲಿ, ನಡುನಡುವೆ ಕನ್ನಡ. ಪಕ್ಕದಲ್ಲಿ ನಾನು ಕೂತು ಕನ್ನಡದಲ್ಲಿ ಹೇಳುತ್ತೇನೆ. ಪೋಸ್ಟರ್ ತಮಿಳಲ್ಲೂ ಒಂದು ಮಾಡಿಸಿ ಕಳಿಸಿ, ಇಲ್ಲಿನ ಚರ್ಚ್ ಹತ್ತಿರ, ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ಅಂಟಿಸುತ್ತೇವೆ. ಮತ್ತೆ ಅವತ್ತು ಎಂಟು ಗಂಟೆಗೆ ಸರಿಯಾಗಿ ಮುಗಿಸಿಬಿಡಿ ಅಣ್ಣ, ಇಲ್ಲಿಂದ ಬರುವವರಲ್ಲಿ ವಯಸ್ಸಾದವರೇ ಜಾಸ್ತಿ, ವಾಪಸ್ ಬಸ್ ಸಿಗಬೇಕು.